ಬೆನ್ನಿನ ಮಾತು

ಮನೆ, ಅಡುಗೆಮನೆಯ ಮೇಜು
ಡಿಸೆಂಬರ್ ಹದಿಮೂರು, ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಕೆಮ್ಮು ಹೋಯಿತಾ? ಹೋದ ಕಾಗದದಲ್ಲಿ ನೀನು "ಸ್ವಲ್ಪ ಕೆಮ್ಮು" ಎಂದು ಬರೆದಿದ್ದೆ. ನಿನ್ನ "ಸ್ವಲ್ಪ" ನನಗೆ ಗೊತ್ತಿಲ್ಲವೇ? ಚಿಕ್ಕವನಿದ್ದಾಗ ಮೊಣಕೈ ಮುರಿದುಕೊಂಡು ಬಂದು "ಸ್ವಲ್ಪ ತರಚಿದೆ ಅಕ್ಕಾ" ಎಂದವನು ನೀನು. ಈ ಕಾಗದದ ಜೊತೆಗಿರುವ ಪಾರ್ಸಲ್ಲಿನಲ್ಲಿ ಕೆಮ್ಮಿನ ಔಷಧಿ ಇದೆ, ತುಟಿಗೆ ಹಚ್ಚಿಕೊಳ್ಳುವ ಮುಲಾಮು ಇದೆ, ಎರಡು ಜೊತೆ ಉಣ್ಣೆಯ ಕಾಲುಚೀಲ ಇವೆ. ಒಂದು ಜೊತೆ ಅಮ್ಮ ಹೆಣೆದದ್ದು, ಇನ್ನೊಂದು ನಾನು ಹೆಣೆದದ್ದು. ಯಾವುದು ಯಾರದು ಎಂದು ಕಾಲಿಗೆ ಹಾಕಿದ ಕೂಡಲೇ ಗೊತ್ತಾಗುತ್ತದೆ. ನನ್ನದನ್ನು ಮಲಗುವಾಗ ಹಾಕಿಕೋ, ಯಾರೂ ನೋಡುವುದಿಲ್ಲ.

ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಎರಡನೇ ಕಣ್ಣಿನ ಆಪರೇಷನ್ನೂ ಆಯಿತು, ಪಟ್ಟಿ ಬಿಚ್ಚಿದ್ದಾರೆ. ಆ ದಿನದಿಂದ ಈ ಮನೆಯಲ್ಲಿ ಯಾರಿಗೂ ಉಳಿಗಾಲವಿಲ್ಲ. ಇಷ್ಟು ವರ್ಷ ಮಂಜಿನಲ್ಲಿ ಮುಚ್ಚಿಹೋಗಿದ್ದ ನನ್ನ ಸಂಸಾರವೆಲ್ಲ ಅವಳ ಕಣ್ಣಿಗೆ ಬಿದ್ದಿದೆ. ಫ್ಯಾನಿನ ರೆಕ್ಕೆಯ ಧೂಳು, ಹಾಲಿನ ಪಾತ್ರೆಯ ತಳದ ಕಲೆ, ನಿನ್ನ ಭಾವನ ಅಂಗಿಯ ಕಾಲರು ಸವೆದದ್ದು, ಒಂದನ್ನೂ ಬಿಡುತ್ತಿಲ್ಲ. ಪಟ್ಟಿ ಬಿಚ್ಚಿದ ದಿನ ಕನ್ನಡಿಯ ಮುಂದೆ ನಿಂತು, "ನಂಗೆ ಇಷ್ಟೊಂದು ವಯಸ್ಸಾಗಿದೆ ಅಂತ ನೀವ್ಯಾರೂ ಹೇಳ್ಲೇ ಇಲ್ವಲ್ಲೇ!" ಎಂದು ನನ್ನ ಮೇಲೆ ರೇಗಿದಳು. ಆಮೇಲೆ ನನ್ನ ಮುಖವನ್ನೂ ದಿಟ್ಟಿಸಿ ನೋಡಿ, ಸೀದಾ ಒಳಗೆ ಹೋದಳು. ಬೈದಿದ್ದರೇ ವಾಸಿಯಿತ್ತು. ನಿನ್ನ ಭಾವ ಎಂದಿನಂತೆ ಬಸ್ ಡಿಪೋ, ಗ್ರೀಸು, ನಿದ್ದೆ. ನನ್ನ ಮೊಣಕಾಲು ಮಾತ್ರ ಹಟ ಹಿಡಿದಿದೆ. ಸ್ಟುಡಿಯೋದ ಮೆಟ್ಟಿಲಲ್ಲಿ ಜಾರಿದ್ದನ್ನು ಬರೆದಿದ್ದೆನಲ್ಲ, ಅದೇ. ನಡೆಯುತ್ತೇನೆ, ಹತ್ತುತ್ತೇನೆ, ಆದರೆ ಬಸ್ಸು ಹಿಡಿಯಲು ಓಡುವ ಕಾಲ ಮುಗಿಯಿತು ಎಂದು ಕಾಣುತ್ತದೆ. ಹೊರಟ ಬಸ್ಸನ್ನು ನೋಡುತ್ತಾ ನಿಲ್ಲುವುದರಲ್ಲೂ ಒಂದು ಸುಖವಿದೆ ಎಂದು ಈಗ ಗೊತ್ತಾಗಿದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ವರ್ಷದ ಕೊನೆಯ ರಜೆಗೆ ಬರುತ್ತೀಯಾ ಎಂದು ನಿನ್ನನ್ನು ಕೇಳಕೂಡದು ಎಂದು ಅಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. "ಅವ್ನಿಗೆ ಬರ್ಬೇಕು ಅನ್ಸಿದಾಗ ಬರ್ತಾನೆ. ನೀನು ಜುಲುಮೆ ಮಾಡ್ಬೇಡ" ಎಂದು ತಾಕೀತು ಮಾಡಿದ್ದಾಳೆ. ಆದ್ದರಿಂದ ನಾನು ಕೇಳುತ್ತಿಲ್ಲ. ಇದು ಬರೀ ನನ್ನ ಕೆಲಸದ ಬಗ್ಗೆ ಬರೆಯುತ್ತಿರುವ ಕಾಗದ. ನೀನು ಗುಡ್ಡದ ತುದಿಯಲ್ಲಿ ಕೂತು ಹಿಮ ಅಳೆಯುತ್ತೀಯ, ಗಾಳಿ ಅಳೆಯುತ್ತೀಯ, ಅದರ ವರದಿ ಬರೆಯುತ್ತೀಯ. ನಾನೂ ಒಂದು ವರದಿ ಒಪ್ಪಿಸುತ್ತೇನೆ, ಓದಿಕೋ.

ನಮ್ಮ ಸ್ಟುಡಿಯೋಗೆ ಬರುವ ರಜೆಯ ಸಿನಿಮಾಗಳು ನಿನಗೆ ಗೊತ್ತೇ ಇವೆ. ಹೊರಗಿನವರು ತೆಗೆದದ್ದಕ್ಕೆ ನಮ್ಮ ಭಾಷೆಯ ಮಾತು ಬರೆದು, ಪಾತ್ರದ ಬಾಯಿಗೆ ಕೂರಿಸುವುದು ನನ್ನ ಹೊಟ್ಟೆಪಾಡು. ಟೀವಿಯಲ್ಲಿ ಅವು ಬರುವುದು ಡಿಸೆಂಬರಿನಲ್ಲಾದರೂ ನಾವು ಮಾತು ಕೂರಿಸುವುದು ಸುಡು ಬೇಸಿಗೆಯಲ್ಲಿ. ಫ್ಯಾನು ಹಾಕಿದರೆ ಮೈಕಿನಲ್ಲಿ ಸದ್ದು ಬರುತ್ತದೆ ಎಂದು ಆರಿಸಿಬಿಡುತ್ತಾರೆ. ಹೆಗಲ ಮೇಲೆ ಟವೆಲು ಹಾಕಿಕೊಂಡು, ಕುತ್ತಿಗೆಯಿಂದ ಬೆವರು ಇಳಿಯುತ್ತಿರುವಾಗ "ಅಬ್ಬಾ, ಎಂಥಾ ಚಳಿ!" ಎಂದು ನಡುಗಬೇಕು. ನಾಯಕಿಯ ಮಾತು ಹೇಳುವ ಹುಡುಗಿ ಈ ವರ್ಷ ಪಾದಗಳನ್ನು ತಣ್ಣೀರಿನ ಬಕೆಟ್ಟಿನಲ್ಲಿಟ್ಟುಕೊಂಡೇ ಇಡೀ ಪ್ರೇಮಕಥೆಯನ್ನು ಮುಗಿಸಿದಳು.

ಕಥೆಯೆಂದರೆ ಒಂದೇ ಕಥೆ. ದೊಡ್ಡ ಊರಿನಲ್ಲಿ ದೊಡ್ಡ ಕೆಲಸದಲ್ಲಿರುವ ಹುಡುಗಿ, ಸದಾ ಕಿವಿಯಲ್ಲಿ ಫೋನು. ಅವಳಿಗೆ ಮದುವೆ ನಿಶ್ಚಯವಾದ ಗಂಡೊಬ್ಬ, ಅವನ ಕಿವಿಯಲ್ಲೂ ಫೋನು. ರಜೆಗೆಂದು ಅವಳು ಒಲ್ಲದ ಮನಸ್ಸಿನಿಂದ ತನ್ನ ಸಣ್ಣ ಊರಿಗೆ ಬರುತ್ತಾಳೆ. ಬಂದು ಇಳಿದದ್ದೇ ತಡ, ಕೈತುಂಬ ಸಾಮಾನು ಹೊತ್ತ ಒಬ್ಬನಿಗೆ ಡಿಕ್ಕಿ ಹೊಡೆಯುತ್ತಾಳೆ. ಅವನು ಒಂದೋ ಬಡಗಿ, ಇಲ್ಲವೇ ಬೇಕರಿಯವನು. ಹೆಂಡತಿ ತೀರಿಕೊಂಡಿರುತ್ತಾಳೆ, ಆದರೂ ಮನೆ ಲಕಲಕ ಹೊಳೆಯುತ್ತಿರುತ್ತದೆ. ಊರಿನ ಯಾವುದೋ ಹಳೆಯ ಅಂಗಡಿ ಮುಚ್ಚುವ ಸ್ಥಿತಿಯಲ್ಲಿರುತ್ತದೆ. ಇಬ್ಬರೂ ಸೇರಿ ದೀಪ ಕಟ್ಟಿ, ಕೇಕು ಮಾರಿ ಅದನ್ನು ಉಳಿಸಿಬಿಡುತ್ತಾರೆ. ನಡುವೆ ಒಂದು ಜಗಳ. ಅವನ ಫೋನಿನ ಅರ್ಧ ಮಾತು ಇವಳ ಕಿವಿಗೆ ಬಿದ್ದು ಆಗುವ ಜಗಳ ಅದು. "ಏನಪ್ಪಾ ಅದು?" ಎಂದು ಬಾಯಿಬಿಟ್ಟು ಒಂದು ಸಲ ಕೇಳಿದರೆ ಮುಗಿಯುವುದನ್ನು ಜಾಹೀರಾತು ಬರುವ ತನಕ ಎಳೆಯುತ್ತಾರೆ. ನಾನು ಬರೆಯುತ್ತಾ ಕೂತು "ಕೇಳೇ, ಕೇಳೇ ಮಹಾರಾಯ್ತಿ" ಎಂದು ಪರದೆಗೆ ಬೈಯುತ್ತಿರುತ್ತೇನೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದುಡಿದು ಗಳಿಸಿದ ಕೆಲಸವನ್ನು ಆ ಹುಡುಗಿ ಒಂದೇ ಫೋನಿನಲ್ಲಿ ಬಿಸಾಕುತ್ತಾಳೆ. ನಾನಾಗಿದ್ದರೆ ಮೊದಲು ಸಂಬಳವಿಲ್ಲದ ರಜೆ ಕೇಳುತ್ತಿದ್ದೆ. ಇನ್ನು ಆ ಅಡುಗೆಮನೆ! ಊರಿಗೆಲ್ಲ ಆಗುವಷ್ಟು ಕೇಕು ಬೇಯಿಸಿದ ಅಡುಗೆಮನೆಯಲ್ಲಿ ಒಂದು ಎಂಜಲು ತಟ್ಟೆ ಕಾಣಲಿ, ನೋಡೋಣ. ಹಿಮವಂತೂ ಸಂಬಳಕ್ಕಿಟ್ಟ ಆಳಿನ ಹಾಗೆ ಹೇಳಿದ್ದು ಕೇಳುತ್ತದೆ, ಮುತ್ತಿನ ಹೊತ್ತಿಗೆ ಸರಿಯಾಗಿ ಬೀಳುತ್ತದೆ. "ಅಕ್ಕಾ, ನಿಜವಾದ ಹಿಮಕ್ಕೆ ಮರ್ಯಾದೆ ಅನ್ನೋದೇ ಇಲ್ಲ, ಕಾಲುಚೀಲದೊಳಗೆ ಬಂದು ಕೂರುತ್ತೆ" ಎಂದು ನೀನು ಬರೆದಿದ್ದೆಯಲ್ಲ, ಆ ಸಾಲನ್ನು ಕತ್ತರಿಸಿ ಸ್ಟುಡಿಯೋದ ಗೋಡೆಗೆ ಅಂಟಿಸಿದ್ದೇನೆ.

ಇಷ್ಟೆಲ್ಲ ಬೈದರೂ ಸಂಜೆ ಟೀವಿಯ ಮುಂದೆ ಮೊದಲು ಕೂರುವವಳು ನಾನೇ. ಯಾಕೆ ಎಂದು ಯೋಚಿಸಿದ್ದೇನೆ. ಪ್ರೀತಿಗಾಗಿ ಅಲ್ಲ. ಅದರಲ್ಲಿ ಪ್ರೀತಿ ಇರುವುದೇ ಅಷ್ಟಕ್ಕಷ್ಟೆ, ಇಬ್ಬರ ಕೈ ಹಿಟ್ಟಿನ ಡಬ್ಬಿಯಲ್ಲಿ ತಗುಲಿದರೆ ಅದೇ ಪ್ರೀತಿ. ಆದರೆ ಆ ಸಿನಿಮಾಗಳಲ್ಲಿ ಎಲ್ಲರೂ ಮನೆಗೆ ಬರುತ್ತಾರೆ, ಪುಟ್ಟಾ. ಬಾಗಿಲು ತಟ್ಟಿದರೆ ಒಳಗೆ ಯಾರೋ ಇದ್ದೇ ಇರುತ್ತಾರೆ. ಯಾರಿಗೂ ಕಾಯಿಲೆ ಕಸಾಲೆ ಇಲ್ಲ, ಯಾರಿಗೂ ಆತುರವಿಲ್ಲ, ಕೊನೆಗೆ ಏನಾಗುತ್ತದೆ ಎಂದು ಮೊದಲೇ ಗೊತ್ತು. ನಾಳೆ ಏನು ಕಾದಿದೆಯೋ ಎಂದು ದಿನವಿಡೀ ಒದ್ದಾಡಿ ಬಂದವರಿಗೆ ಕೊನೆ ಗೊತ್ತಿರುವ ಕಥೆಯಷ್ಟು ಹಿತವಾದದ್ದು ಬೇರೆ ಇಲ್ಲ. ನಿನ್ನ ಭಾವನಂತೂ ನಾಯಕಿ ಊರು ಮುಟ್ಟುವ ಮೊದಲೇ ಗೊರಕೆ ಹೊಡೆದು, ಮುತ್ತಿನ ಹೊತ್ತಿಗೆ ಸರಿಯಾಗಿ ಕಣ್ಣು ಬಿಟ್ಟು "ಆಯ್ತಾ?" ಎನ್ನುತ್ತಾರೆ. ಅವರಷ್ಟು ನೆಮ್ಮದಿಯಾಗಿ ಸಿನಿಮಾ ನೋಡುವವರನ್ನು ನಾನು ಕಂಡಿಲ್ಲ.

ಬರೆಯುವವಳಿಗೆ ಮಾತ್ರ ಆ ಮುತ್ತಿನದೇ ದೊಡ್ಡ ತಲೆನೋವು. ಪರದೆಯ ಮೇಲೆ ತುಟಿ ಮುಚ್ಚಿದಲ್ಲಿ ನನ್ನ ಮಾತಿನಲ್ಲೂ ತುಟಿ ಮುಚ್ಚಬೇಕು, ತೆರೆದಲ್ಲಿ ತೆರೆಯಬೇಕು. ಅವರದು ಮೂರು ಚಿಕ್ಕ ಮಾತು. ನಮ್ಮದರಲ್ಲಿ "ನಾನು ನಿನ್ನನ್ನು ಪ್ರೀತಿಸುತ್ತೇನೆ" ಎಂದು ಬರೆದರೆ ಆಕೆ ಹೇಳಿ ಮುಗಿಸುವ ಮೊದಲೇ ಮುತ್ತು ಶುರುವಾಗಿಬಿಟ್ಟಿರುತ್ತದೆ. ಅದಕ್ಕೇ ನಾನು ಎಷ್ಟೋ ವರ್ಷದಿಂದ ಆ ಜಾಗದಲ್ಲಿ "ಹೋಗ್ಬೇಡ" ಎಂದೇ ಬರೆಯುತ್ತೇನೆ. ಯಾರೂ ದೂರು ಹೇಳಿಲ್ಲ. ಹೀಗೆ ತುಟಿಗೆ ಕಟ್ಟುಬಿದ್ದು ಬರೆಯುವ ನಮಗೆ ಒಂದೇ ಒಂದು ಬಿಡುವು ಸಿಗುವುದು ಪಾತ್ರ ನಮಗೆ ಬೆನ್ನು ಹಾಕಿ ನಿಂತಾಗ. ತುಟಿ ಕಾಣದಿದ್ದರೆ ಏನು ಬೇಕಾದರೂ ಹೇಳಿಸಬಹುದು. ಅದಕ್ಕೆ ನಾವು ಬೆನ್ನಿನ ಮಾತು ಎನ್ನುತ್ತೇವೆ. ಸಾಮಾನ್ಯವಾಗಿ ಮುಖ ಕಾಣುವ ಕಡೆ ಹಿಡಿಯದೆ ಉಳಿದ ವಿವರಗಳನ್ನೆಲ್ಲ ಅಲ್ಲಿ ತುರುಕುತ್ತೇವೆ, ಊರಿಗೆ ಹೊರಟವರು ಪೆಟ್ಟಿಗೆಯಲ್ಲಿ ಹಿಡಿಯದ ಬಟ್ಟೆಗಳನ್ನು ಕೈಚೀಲಕ್ಕೆ ತುರುಕಿದ ಹಾಗೆ. ನನ್ನ ಈ ವರದಿಯೂ ಅಂಥ ಒಂದು ಬೆನ್ನಿನ ಮಾತಿನದೇ.

ಆ ಫೋನು ಹಿಡಿದ ಗಂಡು ಇದ್ದಾನಲ್ಲ, ಮದುವೆ ನಿಶ್ಚಯವಾದವನು, ಅವನು ಕಥೆ ಮುಗಿಯುವುದಕ್ಕೆ ಸ್ವಲ್ಪ ಮೊದಲು ಕಾರು ಓಡಿಸಿಕೊಂಡು ಹೂಗುಚ್ಛದ ಸಮೇತ ಹುಡುಗಿಯ ಮನೆ ಬಾಗಿಲಿಗೆ ಬರುತ್ತಾನೆ. "ನಮ್ಮ ದಾರಿ ಬೇರೆ" ಎಂದು ಅವಳು ಹೇಳುತ್ತಾಳೆ. ಅವನು ತಿರುಗಿ ಹೋಗುತ್ತಾನೆ, ಬಾಗಿಲು ಹಾಕಿಕೊಳ್ಳುತ್ತದೆ, ಮುಗಿಯಿತು. ಆಮೇಲೆ ಅವನನ್ನು ಕೇಳುವವರೇ ಇಲ್ಲ. ಅಷ್ಟು ದೂರದಿಂದ ಬಂದಿದ್ದಾನೆ, ಹೊರಗೆ ಹಿಮ, ರಜೆಯ ದಿನ, ಒಂದು ಅಂಗಡಿ ತೆರೆದಿಲ್ಲ. ಎಲ್ಲಿ ಹೋದ, ಏನು ತಿಂದ, ಯಾರಿಗೂ ಬೇಡ. ಅವನು ಮಾಡಿದ ತಪ್ಪಾದರೂ ಏನು? ಕೆಲಸದ ಫೋನು ಬಂದಾಗ ಎತ್ತಿದ್ದು. ಈ ಸಿನಿಮಾಗಳಲ್ಲಿ ನನ್ನ ಹೊಟ್ಟೆ ಉರಿಸುವ ಕೊರತೆ ಇದೊಂದೇ, ಉಳಿದದ್ದೆಲ್ಲ ನಗೆಯ ಮಾತು. ನಮ್ಮಲ್ಲಿ ಈ ಗಂಡುಗಳ ಮಾತನ್ನೆಲ್ಲ ಹೇಳುವವರು ಒಬ್ಬರೇ. ಸ್ವಲ್ಪ ಮೂಗಿನಲ್ಲಿ ಬರುವ, ಸ್ವಲ್ಪ ಅವಸರದ ದನಿ. ಎಲ್ಲ ನಾಯಕಿಯರೂ ಕೈಬಿಟ್ಟ ಮನುಷ್ಯ ಎಂದು ಅವರಿಗೆ ಸ್ಟುಡಿಯೋದಲ್ಲಿ "ಮಾಜಿ" ಎಂದೇ ಹೆಸರು. ಮನೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಸುಖವಾಗಿರುವ ಮನುಷ್ಯ. ಅವರ ಹೆಂಡತಿಯೇ ಫೋನು ಮಾಡಿದಾಗ "ನಮ್ ಮಾಜಿ ಊಟ ಮಾಡಿದ್ರಾ?" ಎಂದು ಕೇಳುತ್ತಾರೆ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಮುಖ ಸಿಂಡರಿಸಬೇಡ, ಇಲ್ಲಿಂದಲೇ ಕಾಣುತ್ತದೆ. ನಿನ್ನ ಹಲ್ಲಿನ ಡಾಕ್ಟರಮ್ಮ ಹೋದ ವರ್ಷ ನಿಮ್ಮಿಬ್ಬರ ಮದುವೆಗೆ ಸ್ವಲ್ಪ ಮೊದಲು ರಜೆಗೆಂದು ತನ್ನ ಊರಿಗೆ ಹೋದಳು, ಅಲ್ಲಿ ಹಳೆಯ ಸಹಪಾಠಿ ಸಿಕ್ಕಿದ, ಮನಸ್ಸು ಬದಲಾಯಿತು. ಅವನೂ ಬಡಗಿಯೇ ಆಗಿರಬೇಕೆ! ಸಿನಿಮಾದವರು ನಮ್ಮ ಮನೆಯ ಕಥೆಯನ್ನೇ ಕದ್ದರೋ ಎನ್ನುವ ಹಾಗೆ. ಅವಳ ಮೇಲೆ ನನಗೆ ಈಗ ಸಿಟ್ಟಿಲ್ಲ. ಫೋನಿನಲ್ಲಿ ಹೇಳಿ ಮುಗಿಸದೆ ನಿನ್ನೆದುರು ಕೂತು, ಅತ್ತು, ನಿಜ ಹೇಳಿದಳು. ಅಷ್ಟು ಧೈರ್ಯ ಎಲ್ಲರಿಗೂ ಬರುವುದಿಲ್ಲ. ಹಲ್ಲು ನೋವು ಬಂದಾಗ ಮಾತ್ರ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಅಷ್ಟೇ. ನೀನು ಅವತ್ತು ಸಂಜೆ ಮನೆಗೆ ಬಂದೆ. ಶೂ ಬಿಚ್ಚಿ ಗೋಡೆಗೆ ಒತ್ತರಿಸಿ ಜೋಡಿಸಿಟ್ಟೆ. ನಾನೂ ಅಮ್ಮನೂ ಆಮಂತ್ರಣದ ಲಕೋಟೆಗಳನ್ನು ಅಂಟಿಸುತ್ತಾ ಕೂತಿದ್ದೆವು. "ಅಮ್ಮಾ, ಮದುವೆ ಇಲ್ಲ. ಊಟ ಇದ್ಯಾ?" ಎಂದೆ ನೀನು. ಅನ್ನ ಇತ್ತು. ಅಮ್ಮ ಮೊಟ್ಟೆ ಹುರಿದು ಹಾಕಿದಳು. ನೀನು ಎರಡು ಸಲ ಬಡಿಸಿಕೊಂಡು ಉಂಡೆ, ತಟ್ಟೆ ತೊಳೆದಿಟ್ಟೆ, ಹೋಗಿ ಬಾಗಿಲು ಹಾಕಿಕೊಂಡು ಮಲಗಿದೆ. "ಅಳ್ತಾನೆ ಅನ್ಕೊಂಡಿದ್ದೆ. ಊಟ ಕೇಳ್ದ" ಎಂದು ಅಮ್ಮ ಎಷ್ಟು ದಿನ ಹೇಳಿಕೊಂಡಳೋ. ರಜೆ ಮುಗಿಯುವ ಮೊದಲೇ ನೀನು ಯಾರಿಗೂ ಬೇಡವಾದ ಆ ಗುಡ್ಡದ ಹವಾಮಾನ ಕೇಂದ್ರಕ್ಕೆ ಹೆಸರು ಕೊಟ್ಟು ಹೊರಟುಬಿಟ್ಟೆ. ಅಲ್ಲಿ ಫೋನು ಸಿಗುವುದಿಲ್ಲ ಎಂದು ಗೊತ್ತಿದ್ದೇ ಹೋದೆ ಎಂದು ನನ್ನ ಗುಮಾನಿ.

ಅಲ್ಲಿಂದೀಚೆಗೆ ಅಮ್ಮನಿಗೆ ಒಂದು ಅಭ್ಯಾಸ ಬಂದಿದೆ. ಇಂಥ ಸಿನಿಮಾ ಅವಳಿಗೆ ಪ್ರಾಣ, ಬಿಡಲಾರಳು. ಆದರೆ ಆ ಗಂಡು ಹೂ ಹಿಡಿದು ಬಾಗಿಲಿಗೆ ಬರುವ ಹೊತ್ತಿಗೆ ಸರಿಯಾಗಿ "ಟೀ ಇಡ್ತೀನಿ" ಎಂದು ಎದ್ದು ಅಡುಗೆಮನೆಗೆ ಹೋಗುತ್ತಾಳೆ. ಬಾಗಿಲು ಹಾಕಿಕೊಂಡ ಸದ್ದು ಕೇಳಿದ ಮೇಲೆಯೇ ಲೋಟ ಹಿಡಿದು ಬರುತ್ತಾಳೆ. ನಾವು ಟೀ ಕುಡಿಯುತ್ತೇವೆ.

ಬೇಸಿಗೆಯಲ್ಲಿ ನಾವು ಮಾತು ಕೂರಿಸಿದ ಒಂದು ಸಿನಿಮಾದಲ್ಲಿ ಈ ದೃಶ್ಯ ಬಂತು. ಬೂದು ಬಣ್ಣದ ಕೋಟು ತೊಟ್ಟ ಗಂಡು, ಹಿಮದಲ್ಲಿ ಬೆನ್ನು ಹಾಕಿ ನಡೆದುಹೋಗುತ್ತಾನೆ. ಮೂಲದಲ್ಲಿ ಅಲ್ಲಿ ಮಾತಿಲ್ಲ, ಒಂದು ನಿಟ್ಟುಸಿರು ಮಾತ್ರ. ಊಟದ ಹೊತ್ತು ಮೀರಿತ್ತು, ಎಲ್ಲರಿಗೂ ಸಾಕಾಗಿತ್ತು. ಡಬ್ಬಿ ತಣ್ಣಗಾಗುತ್ತಿದೆ ಎಂದು ಮಾಜಿಯವರು ಬೆಳಗಿನಿಂದ ಗೊಣಗುತ್ತಿದ್ದರು. ಅಭ್ಯಾಸಕ್ಕೆಂದು ಚಿತ್ರ ಓಡಿಸಿದಾಗ ನಾನು ಪಕ್ಕದಲ್ಲಿ ನಿಂತು ಮಾತು ಓದಿ ಹೇಳುವುದು ಪದ್ಧತಿ. ಆ ಬೆನ್ನು ಬಂದಾಗ ಓದುವುದಕ್ಕೆ ಏನೂ ಇರಲಿಲ್ಲ. ಮಾಜಿಯವರನ್ನು ಕೆಣಕಲೆಂದೋ ಏನೋ, ನನ್ನ ಬಾಯಿಂದ "ಸರಿ. ಇಲ್ಲಿ ಎಲ್ಲಾದ್ರೂ ಊಟ ಸಿಗುತ್ತಾ?" ಎಂದು ಬಂತು. ಅವರು ಅದನ್ನು ನಿಜವಾದ ಸಾಲು ಎಂದುಕೊಂಡರು. ರೆಕಾರ್ಡಿಂಗ್ ಶುರುವಾದಾಗ ಹಾಗೆಯೇ ಹೇಳಿಬಿಟ್ಟರು. ಹಸಿದ ಮನುಷ್ಯ ಹೇಳಿದ ಮಾತು, ನಟನೆಯೇ ಇರಲಿಲ್ಲ. ಗಾಜಿನ ಆಚೆ ಕೂತಿದ್ದ ಸೌಂಡ್ ಇಂಜಿನಿಯರು ತಲೆಯೆತ್ತಿ ನೋಡಿದರು. ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡಿದ್ದ ಹುಡುಗಿ ಕಾಲು ಹೊರಗೆ ತೆಗೆದಳು. ಯಾರ ಮಾತು ಅದು ಎಂದು ನನಗೆ ಹೊಳೆದದ್ದೇ ಆಗ. ಆಮೇಲೆ ತೆಗೆಸಿದರಾಯಿತು ಎಂದುಕೊಂಡು ಎಲ್ಲರೂ ಊಟಕ್ಕೆ ಎದ್ದೆವು. ಊಟವಾದ ಮೇಲೆ ಬೇರೆ ದೃಶ್ಯ, ಬೇರೆ ಜಗಳ. ನಾನು ಮರೆತೇಬಿಟ್ಟೆ. ಚಾನೆಲ್ಲಿನವರು ಪರೀಕ್ಷಿಸುವಾಗ ತುಟಿ ನೋಡುತ್ತಾರೆಯೇ ಹೊರತು ಬೆನ್ನು ನೋಡುವುದಿಲ್ಲ. ಹಾಗಾಗಿ ಅದು ಯಾರ ಕಣ್ಣಿಗೂ ಬೀಳದೆ ಹೋಯಿತು.

ಮೊನ್ನೆ ಗುರುವಾರ ಸಂಜೆ ಆ ಸಿನಿಮಾ ಬಂತು. ಅಮ್ಮ ಮೊರದಲ್ಲಿ ಬಟಾಣಿ ಸುಲಿಯುತ್ತಾ ಕೂತಿದ್ದಳು. ನಿನ್ನ ಭಾವ ಆಗಲೇ ಗೊರಕೆ. ಗಂಡು ಹೂ ಹಿಡಿದು ಬಂದ. ಅಮ್ಮ ಮೊರ ಕೆಳಗಿಟ್ಟು "ಟೀ ಇಡ್ತೀನಿ" ಎಂದು ಎದ್ದಳು. ಅವಳು ಅಡುಗೆಮನೆಯ ಹೊಸ್ತಿಲು ಮುಟ್ಟಿದ್ದಳು, ಟೀವಿಗೆ ಅವಳ ಬೆನ್ನು, ನಮಗೆ ಆ ಗಂಡಿನ ಬೆನ್ನು. ಆಗ ಮಾಜಿಯವರ ದನಿ ಬಂತು. "ಸರಿ. ಇಲ್ಲಿ ಎಲ್ಲಾದ್ರೂ ಊಟ ಸಿಗುತ್ತಾ?" ಅಮ್ಮ ನಿಂತುಬಿಟ್ಟಳು. ತಿರುಗಿ ನೋಡಿದಳು, ಟೀವಿಯನ್ನಲ್ಲ, ನನ್ನನ್ನು. "ಇದು ನಿನ್ ಕೆಲ್ಸಾನಾ?" ಎಂದಳು. ನಾನು ಹೂಂ ಎಂದೆ. ಭೂಮಿ ಬಾಯಿಬಿಡಬಾರದೇ ಎನಿಸಿತ್ತು. ಅವಳು ಬಂದು ಮತ್ತೆ ಕೂತಳು. ಅವತ್ತು ಟೀ ಆಗಲಿಲ್ಲ.

ಆದರೆ ಅವಳು ಕಥೆ ನೋಡುತ್ತಿಲ್ಲ ಎಂದು ನನಗೆ ಸ್ವಲ್ಪ ಹೊತ್ತಿನಲ್ಲೇ ಗೊತ್ತಾಯಿತು. ನಾಯಕ ನಾಯಕಿ ಏನು ಮಾಡಿಕೊಂಡರೂ ಅವಳಿಗೆ ಬೇಕಿರಲಿಲ್ಲ. ಅವರ ಹೆಗಲ ಹಿಂದೆ, ಕಿಟಕಿಯಾಚೆ, ಬೀದಿಯ ಕೊನೆಯಲ್ಲಿ ಕಣ್ಣಾಡಿಸುತ್ತಿದ್ದಳು, ಜಾತ್ರೆಯಂಥ ಗುಂಪಿನಲ್ಲಿ ಕೈತಪ್ಪಿದ ಮಗುವನ್ನು ಹುಡುಕುವವರ ಹಾಗೆ. ಮುತ್ತಿನ ಹೊತ್ತಿಗೆ ನಿನ್ನ ಭಾವ ಎದ್ದು "ಆಯ್ತಾ?" ಎಂದರು. ಕೊನೆಗೆ ಇಡೀ ಊರು ಸೇರಿ ಊಟಕ್ಕೆ ಕೂರುವ ದೃಶ್ಯ ಬರುತ್ತದಲ್ಲ, ಉದ್ದನೆಯ ಮೇಜು, ದೀಪಗಳು, ಅಲ್ಲಿ ಅಮ್ಮ "ಅಗೋ!" ಎಂದು ಕೂಗಿದ ರಭಸಕ್ಕೆ ಮೊರ ಮಗುಚಿ ಬಟಾಣಿಯೆಲ್ಲ ನೆಲದ ಪಾಲಾಯಿತು. "ಅಗೋ ಅಲ್ಲಿ, ಕಿಟಕಿ ಪಕ್ಕ! ಬೂದು ಕೋಟು. ಅವ್ನೇ ಕಣೇ! ಒಳಗೆ ಕರ್ದಿದ್ದಾರೆ. ನೋಡೇ, ಬಡಿಸ್ತಾ ಇದ್ದಾರೆ." ನೋಡಿದೆ. ಹಿಂದಿನ ಸಾಲಿನಲ್ಲಿ, ಕಣ್ಣು ಮಿಟುಕಿಸುವಷ್ಟು ಹೊತ್ತು, ಬೂದು ಕೋಟಿನವನೊಬ್ಬ ತಲೆ ತಗ್ಗಿಸಿ ಉಣ್ಣುತ್ತಿದ್ದ. ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬಳು ಅವನ ತಟ್ಟೆಗೆ ಏನೋ ಹಾಕುತ್ತಿದ್ದಳು. ಆ ಸಿನಿಮಾವನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದವಳು ನಾನು, ಒಮ್ಮೆಯೂ ಕಂಡಿರಲಿಲ್ಲ. ಆಮೇಲೆ ಅಮ್ಮ ಅತ್ತಳು, ಪುಟ್ಟಾ. ಈ ಒಂದು ವರ್ಷದಲ್ಲಿ ಮೊದಲ ಸಲ, ಬಿಕ್ಕಿ ಬಿಕ್ಕಿ ಅತ್ತಳು. ಕಣ್ಣು ಉಜ್ಜಬಾರದು ಎಂದು ಡಾಕ್ಟರು ಹೇಳಿದ್ದರಿಂದ ನಾನು ಅವಳ ಎರಡೂ ಕೈ ಹಿಡಿದು ಕೂತಿದ್ದೆ. ನಿನ್ನ ಭಾವ ಏನೂ ಅರ್ಥವಾಗದೆ, ಮೊಣಕಾಲೂರಿ, ಸೋಫಾದ ಕೆಳಗಿನಿಂದ ಬಟಾಣಿ ಆರಿಸಿದರು. ಅತ್ತು ಮುಗಿದ ಮೇಲೆ ಅವಳ ಮುಖ ತೊಳೆದಿಟ್ಟ ಹಾಗಿತ್ತು. ರಾತ್ರಿ ಊಟಕ್ಕೆ ತಾನೇ ಮುಂದಾಗಿ ಎರಡನೇ ಸಲ ಬಡಿಸಿಕೊಂಡಳು.

ಮಾರನೆಯ ದಿನ ನಾನು ಸ್ಟುಡಿಯೋಗೆ ಹೋಗಿ ದೊಡ್ಡ ಪರದೆಯ ಮೇಲೆ ಆ ದೃಶ್ಯವನ್ನು ನಿಲ್ಲಿಸಿ ನೋಡಿದೆ. ಅವನಲ್ಲ. ಕೋಟು ಅದೇ, ಮನುಷ್ಯ ಬೇರೆ. ಇವನ ನೆತ್ತಿ ಬೋಳು, ಕಿವಿ ದೊಡ್ಡದು. ಗಂಡಿನ ಪಾತ್ರ ಮಾಡಿದವನ ಕೆಲಸ ಮುಗಿಯಿತು ಎಂದು ಕೋಟು ಬಿಚ್ಚಿಸಿ, ಗುಂಪಿನಲ್ಲಿ ಕೂರಲು ಬಂದ ಯಾರಿಗೋ ತೊಡಿಸಿದ್ದಾರೆ. ಮಾಜಿಯವರನ್ನೂ ಕರೆದು ತೋರಿಸಿದೆ. ಬಹಳ ಹೊತ್ತು ನೋಡಿ, "ನಾನೇ ಅಂತ ಇಟ್ಕೊಳ್ಳಿ ಮೇಡಂ. ಇಷ್ಟು ವರ್ಷಕ್ಕೆ ಒಂದ್ಸಲ ನಂಗೂ ಎಲೆ ಹಾಕಿದ್ರಲ್ಲ" ಎಂದರು. ಮನೆಯಲ್ಲಿ ಅಮ್ಮನಿಗೆ ನಾನು ಹೇಳಿಲ್ಲ. ಫ್ಯಾನಿನ ರೆಕ್ಕೆಯ ಧೂಳು ಕಾಣುವ ಆ ಹೊಸ ಕಣ್ಣಿಗೆ ಬೋಳು ನೆತ್ತಿ ಕಾಣದೆ ಇದ್ದೀತು ಎಂದು ನನಗೂ ನಂಬಿಕೆಯಿಲ್ಲ. ಅವಳೂ ಹೇಳುತ್ತಿಲ್ಲ, ನಾನೂ ಹೇಳುತ್ತಿಲ್ಲ, ಇಬ್ಬರೂ ಆರಾಮಾಗಿದ್ದೇವೆ.

ವರದಿ ಇಷ್ಟೇ. ಮನೆ ಬೆಚ್ಚಗಿದೆ. ಕಿಟಕಿಯ ಮೇಲೆ ಬಿಸಿಲು ಬಂದಿದೆ, ಅಮ್ಮ ಒಳಗೆ ಏನೋ ಗುನುಗುತ್ತಿದ್ದಾಳೆ, ನಿನ್ನ ಭಾವ ಸ್ಕೂಟರು ಒರೆಸುತ್ತಿದ್ದಾರೆ. ಅಮ್ಮ ನಿನಗೆ ಕಿವಿ ಮುಚ್ಚಿಕೊಂಡು ಓಡಾಡು ಎಂದು ಹೇಳಿದ್ದಾಳೆ, ಅದನ್ನೇ ಆಶೀರ್ವಾದ ಎಂದುಕೋ. ಭಾವ ನಿಮ್ಮ ಕೇಂದ್ರದ ಜನರೇಟರಿಗೆ ಯಾವ ಎಣ್ಣೆ ಹಾಕುತ್ತೀರಿ ಎಂದು ಕೇಳಿದ್ದಾರೆ, ಅದು ಅವರ ಪ್ರೀತಿ. ಹಿಮ ನಿನ್ನ ಮಾತು ಕೇಳಲಿ, ಕೆಮ್ಮು ನಿನ್ನ ಮಾತು ಕೇಳಲಿ.

ನಿನ್ನ ತಲೆ ಕೂದಲು ಹಿಡಿದೆಳೆದು ಬೆಳೆಸಿದ,
ಅಕ್ಕ

ತಾ.ಕ.: ಭಾವ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ, ನಿಮ್ಮ ಆಫೀಸಿನ ಸಾಮಾನು ಗಾಡಿ ಮಧ್ಯಾಹ್ನಕ್ಕೇ ಗುಡ್ಡಕ್ಕೆ ಹೊರಡುತ್ತದಂತೆ. ಅಮ್ಮ ಈಗಷ್ಟೇ ಸ್ನಾನಕ್ಕೆ ಹೋದಳು, ಅದಕ್ಕೇ ಬೇಗ ಬೇಗ ಬರೆಯುತ್ತಿದ್ದೇನೆ. ಕೊಟ್ಟ ಮಾತು ಮುರಿಯುತ್ತಿದ್ದೇನೆ. ರಜೆಗೆ ಬಾ. ಬದಲಿಯವರು ಸಿದ್ಧವಿದ್ದಾರೆ, ನೀನು ಹೂಂ ಎಂದರೆ ಸಾಕು ಎಂದು ನಿಮ್ಮ ಆಫೀಸಿನವರೇ ಭಾವನಿಗೆ ಹೇಳಿದ್ದಾರೆ. ಇದೇ ಗಾಡಿ ಹಿಂದಿರುಗುವಾಗ ಹೂಂ ಎಂದು ಬರೆದು ಕಳಿಸು. ಜುಲುಮೆ ಬೇಡ ಎಂದವಳು ನಿನ್ನೆ ನಾವು ಮೂವರೂ ತಿಂದು ಮುಗಿಸಲಾಗದಷ್ಟು ಮೊಟ್ಟೆ ತಂದಿಟ್ಟಿದ್ದಾಳೆ, ಯಾಕೆ ಎಂದು ಕೇಳಿದರೆ ಮಾತು ತಿರುಗಿಸುತ್ತಾಳೆ. ಸಿನಿಮಾ ಪಾರ್ಸಲ್ಲಿನಲ್ಲಿ ಹಾಕಿಲ್ಲ, ಆ ಕೋಟಿನವನು ಯಾರೆಂದು ನೀನೇ ಬಂದು ನೋಡಿ ಹೇಳು. ಕೊನೆಯಲ್ಲಿ ಯಾರಾದರೊಬ್ಬರು ಸ್ಟೇಷನ್ನಿಗೆ ಓಡೋಡಿ ಬರುವುದು ಈ ಸಿನಿಮಾಗಳ ಪದ್ಧತಿ. ನನ್ನ ಮೊಣಕಾಲಿಗೆ ಅದು ಆಗುವುದಿಲ್ಲ. ಮೊದಲೇ ಬಂದು ಬೆಂಚಿನ ಮೇಲೆ ಕೂತಿರುತ್ತೇನೆ. ಊಟ ಇದೆ.